ಕೂಗಿದರೂ ಕೇಳಿಸದ ಓಣಿ

ನನ್ನ ದನಿ ದೊಡ್ಡದು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ಅಕ್ಕಪಕ್ಕದ ಮನೆಯವರು ಹೇಳುತ್ತಾರೆ. ನಾನು ಫೋನ್ ಎತ್ತಿದರೆ ಸಾಕು, ಸೊಸೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಾಳೆ. "ಅತ್ತೀ, ಫೋನ್ ಕೆಳಗಿಟ್ಟು ಹಂಗ ಮಾತಾಡಿದ್ರೂ ಅವರಿಗೆ ಕೇಳಸ್ತೈತ್ರಿ" ಎಂದು ಚುಚ್ಚುತ್ತಾಳೆ. ಮೊನ್ನೆ ಒಂದು ಮದುವೆಯಲ್ಲಿ ಪಕ್ಕದಲ್ಲಿ ಕೂತ ಗೆಳತಿಯ ಕಿವಿಗೆ ಬಾಯಿಟ್ಟು, "ಹುಡುಗನ ಮೂಗು ಒಂಚೂರು ಉದ್ದ ಆತಲ್ಲ?" ಎಂದು ಗುಟ್ಟಾಗಿ ಕೇಳಿದೆ. ಅಕ್ಷತೆ ಹಿಡಿದು ನಿಂತಿದ್ದ ಹುಡುಗನ ತಾಯಿ ತಿರುಗಿ ನೋಡಿದರು. ಆಮೇಲೆ ಹುಡುಗನೂ ತಿರುಗಿ ನೋಡಿದ. ನಾಚಿಕೆಯಾಗಿ ಊಟ ಮಾಡದೆ ಎದ್ದು ಬಂದೆ. ಇಲ್ಲ, ಸುಳ್ಳು ಯಾಕೆ ಹೇಳಲಿ, ಊಟ ಮಾಡಿಯೇ ಬಂದೆ. ಆದರೆ ಹೋಳಿಗೆ ಎರಡನೆಯ ಸಲ ಬಂದಾಗ ಬೇಡ ಎಂದೆ.

ತಪ್ಪು ನನ್ನದಲ್ಲ, ನಮ್ಮ ಓಣಿಯದು. ನಾನು ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದವಳು. ಅಲ್ಲಿ ಬೆಳೆದವರು ಯಾರೂ ಮೆಲ್ಲಗೆ ಮಾತಾಡಿದ್ದನ್ನು ನಾನು ಕಂಡಿಲ್ಲ. ಒಬ್ಬರಿಗೊಬ್ಬರು "ಹೆಂಗದೀರಿ, ಆರಾಮ?" ಎಂದು ಕೇಳಿದರೂ ದಾರಿಯಲ್ಲಿ ಹೋಗುವವರು ಜಗಳವೆಂದು ನಿಂತು ನೋಡುತ್ತಿದ್ದರು.

ಹಾಗಂತ ಮೊದಲಿನಿಂದಲೂ ನಾವು ಹೀಗಿದ್ದವರಲ್ಲ. ನಾನು ಸಣ್ಣವಳಿದ್ದಾಗ, ಎಪ್ಪತ್ತರ ದಶಕದಲ್ಲಿ, ಓಣಿಯ ಮನೆಮನೆಗೂ ಕುಣಿಮಗ್ಗವಿತ್ತು. ನೆಲದಲ್ಲೊಂದು ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತ ನೇಕಾರ, ಎದುರಿಗೆ ಹಾಸಿದ ನೂಲು. ಕಾಲಲ್ಲಿ ತುಳಿದು ಕೈಯಲ್ಲಿ ಎಳೆದರೆ ಲಾಳಿ ಖಟಕ್ ಎಂದು ಆ ಕಡೆ, ಪಟಕ್ ಎಂದು ಈ ಕಡೆ. ಸಪ್ಪಳವೇನೋ ಹೌದು, ಆದರೆ ನಡುನಡುವೆ ಮಾತಿಗೆ ಜಾಗ ಬಿಡುವ ಸಪ್ಪಳ. ಖಟಕ್, "ಇವತ್ತ ಏನ್ ಪಲ್ಯಾ ಮಾಡೀದಿ?" ಪಟಕ್, "ಹೀರೀಕಾಯಿ." ಖಟಕ್, "ಮತ್ತೂ ಹೀರೀಕಾಯೇನು?" ಅಪ್ಪ ಅವ್ವನ ಸಂಸಾರ ನಡೆದದ್ದೇ ಹೀಗೆ.

ಆ ಕಾಲದಲ್ಲಿ ಒಂದು ಮನೆಯ ಮಗ್ಗ ಹೊತ್ತಲ್ಲದ ಹೊತ್ತಿನಲ್ಲಿ ನಿಂತಿತೆಂದರೆ ಪಕ್ಕದ ಮನೆಯವರು ಬಂದು ಕೇಳುವುದು ಪದ್ಧತಿ. ಕೇಳದಿದ್ದರೆ ತಪ್ಪು ತಿಳಿಯುತ್ತಿದ್ದರು. ನಮ್ಮ ಪಕ್ಕದ ಮನೆ ಹುಸೇನಬಿ ಚಾಚಿಯದು. ಅವಳ ಗಂಡನೂ ನೇಕಾರ. ಚಾಚಿ ಬಾಗಿಲಲ್ಲಿ ಕೂತು ರಾಟಿಯಿಂದ ನೂಲು ಸುತ್ತುತ್ತಿದ್ದಳು. ಕೈ ರಾಟಿಯ ಮೇಲೆ, ಕಿವಿ ಓಣಿಯ ಮೇಲೆ. ನಮ್ಮ ಮಗ್ಗ ನಿಂತು ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತಾಗಿರುವುದಿಲ್ಲ, ಆಗಲೇ ಅವಳು ಒಳಗೆ.

"ಯಾಕ್ರೀ, ಮಗ್ಗ ನಿಂತೇತಿ? ಮೈಯಾಗ ಆರಾಮಿಲ್ಲೇನು?"

ಇದರಿಂದ ತೊಂದರೆಯೂ ಇತ್ತು. ಮನಸಾರೆ ಒಂದು ಜಗಳ ಆಡುವ ಹಾಗಿರಲಿಲ್ಲ. ಒಮ್ಮೆ ಅಪ್ಪ ಸಿಟ್ಟಿಗೆದ್ದು ಮಗ್ಗ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ಅವ್ವ ಒಲೆಯ ಮುಂದೆ ಬುಸುಗುಡುತ್ತಿದ್ದಳು. ಚಾಚಿ ಬಂದಳು, ಅವಳ ಹಿಂದೆ ಎದುರುಮನೆಯವರು, ಅವರ ಹಿಂದೆ ಇನ್ನಿಬ್ಬರು. ಜ್ವರವೆಂದುಕೊಂಡು ಒಬ್ಬರು ಕಷಾಯವನ್ನೂ ತಂದಿದ್ದರು. ಜಗಳವೆಂದು ಒಪ್ಪಿಕೊಳ್ಳಲು ನಾಚಿ ಅಪ್ಪ ಆ ಕಹಿ ಕಷಾಯವನ್ನು ಗಟಗಟ ಕುಡಿದು ಮತ್ತೆ ಕುಣಿಗೆ ಇಳಿದ. ಅವ್ವ ಅಂದು ಮಧ್ಯಾಹ್ನದವರೆಗೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆದರೂ ಹೇಳುತ್ತೇನೆ, ಆ ಓಣಿಯಲ್ಲಿ ಬಾಗಿಲಿಗೆ ಚಿಲಕ ಹಾಕಿ ಮಲಗಿದವರನ್ನು ನಾನು ನೋಡಿರಲಿಲ್ಲ.

ಎಂಬತ್ತರ ಹೊತ್ತಿಗೆ ಪವರ್‌ಲೂಮ್ ಬಂತು. ಊರಿಗೆ ಬಂದಾಕಿ ನೀರಿಗೆ ಬರದೆ ಇರುತ್ತಾಳೆಯೇ? ಗದಗಿನ ಕಡೆಯ ಓಣಿಗೆ ಬಂದದ್ದು ನಮ್ಮ ಓಣಿಗೂ ಬಂತು. ನಮ್ಮಪ್ಪನಿಗೆ ಯಂತ್ರವೆಂದರೆ ಪ್ರಾಣ. ಕುಣಿ ಮುಚ್ಚಿಸಿ, ಮೇಲೆ ಫರಸಿ ಕಲ್ಲು ಹಾಕಿಸಿ, ಎರಡು ಲೂಮುಗಳನ್ನು ಮನೆಯ ಮುಂಭಾಗದ ಪಡಸಾಲೆಯಲ್ಲಿ ಕೂಡಿಸಿದ. ಕುಂಕುಮ ಹಚ್ಚಿದ, ಹಾರ ಹಾಕಿದ, ಕಾಯಿ ಒಡೆದ. ಆಮೇಲೆ ಗುಂಡಿ ಒತ್ತಿದ. ಅಯ್ಯೋ ಶಿವನೇ! ತಗಡಿನ ಮಾಳಿಗೆಯ ಮೇಲೆ ಯಾರೋ ಚೀಲಗಟ್ಟಲೆ ಜಲ್ಲಿ ಸುರಿದ ಹಾಗಾಯಿತು. ಅವ್ವ ಎರಡೂ ಕಿವಿ ಮುಚ್ಚಿಕೊಂಡಳು. ಅಪ್ಪ ನಗುತ್ತ ಏನೋ ಹೇಳಿದ. ಏನೆಂದು ಇವತ್ತಿನವರೆಗೂ ನಮಗೆ ಗೊತ್ತಿಲ್ಲ.

ವರ್ಷ ಒಪ್ಪತ್ತಿನಲ್ಲಿ ಎಡಕ್ಕೆ ಚಾಚಿಯ ಮನೆಯಲ್ಲೂ ಲೂಮು, ಬಲಕ್ಕೂ ಲೂಮು, ಎದುರಿಗೂ ಲೂಮು. ಕೂಲಿ ಹೆಚ್ಚಿತು, ದುಡಿತದ ಸುಸ್ತು ಕಡಿಮೆಯಾಯಿತು, ಹಬ್ಬಕ್ಕೆ ಹೊಸ ಬಟ್ಟೆ ಬಂದವು, ಅದನ್ನು ಇಲ್ಲವೆನ್ನಲಾರೆ. ಆದರೆ ಮಾತು ಹೋಯಿತು. ನಾವು ಕೈಸನ್ನೆ ಕಲಿತೆವು. ಅಂಗೈ ಮೇಲೆ ಅಂಗೈ ತಟ್ಟಿದರೆ ರೊಟ್ಟಿ ಆಗಿದೆ, ಬಾ. ಹೆಬ್ಬೆರಳು ಬಾಯಿಗಿಟ್ಟರೆ ನೀರು. ಮೂಗಿನ ಮೇಲೆ ಬೆರಳಿಟ್ಟರೆ ಅತ್ತೆ ಬಂದಿದ್ದಾಳೆ. ಎದುರುಮನೆಯ ಹಿತ್ತಲಿನಿಂದ ಹಾಡುಹಗಲೇ ಒಬ್ಬ ಹಿತ್ತಾಳೆಯ ಕೊಡ ಎತ್ತಿಕೊಂಡು ಹೋದ. ಹೋಗುವಾಗ ಕೈಜಾರಿ ಕಲ್ಲಿನ ಮೇಲೆ ಬೀಳಿಸಿದ್ದನಂತೆ, ಕಲ್ಲಿನ ಮೇಲೆ ಗುರುತಿತ್ತು. ಅಷ್ಟು ದೊಡ್ಡ ಕೊಡ ಬಿದ್ದ ಸಪ್ಪಳ ಮನೆಯಲ್ಲಿದ್ದವರಿಗೇ ಕೇಳಲಿಲ್ಲ. ಮರುವಾರ ಓಣಿಯ ಬಾಗಿಲುಗಳಿಗೆಲ್ಲ ಹೊಸ ಚಿಲಕ ಬಂದವು.

ಕಿವಿಗೆ ಅಭ್ಯಾಸವೂ ಆಗಿಹೋಯಿತು ಅನ್ನಿ. ಲಕ್ಷ್ಮೇಶ್ವರದಲ್ಲಿ ನಮ್ಮ ಸೋದರತ್ತೆಯ ಮನೆಗೆ ಸಮಾರಂಭಕ್ಕೆ ಹೋದಾಗ ಮಧ್ಯಾಹ್ನ ಉಂಡು ಅಡ್ಡಾದ ಅಪ್ಪನಿಗೆ ನಿದ್ದೆಯೇ ಹತ್ತಲೊಲ್ಲದು. ಹೊರಳಾಡಿದ, ಎದ್ದು ಕೂತ. ಕೊನೆಗೆ ಹಾಸಿಗೆ ಸುತ್ತಿಕೊಂಡು ಪಕ್ಕದ ಹಿಟ್ಟಿನ ಗಿರಣಿಯ ಕಟ್ಟೆಗೆ ಹೋಗಿ ಗಡದ್ದಾಗಿ ಮಲಗಿದ. ಗಿರಣಿಯವನು ಇವರಿಗೆ ಮನೆಯಲ್ಲಿ ಜಾಗವಿಲ್ಲವೇನೋ ಎಂದು ಮರುಗಿ ಚಹಾ ತರಿಸಿಕೊಟ್ಟನಂತೆ.

ಇಂಥ ಓಣಿಗೆ ನಮ್ಮ ಅಣ್ಣ ಈರಣ್ಣನ ಹೆಂಡತಿಯಾಗಿ ನೀಲವ್ವ ವೈನಿ ಬಂದಳು. ಅವಳ ತವರು ಡಂಬಳ. ಅಲ್ಲಿ ಕೆರೆಯ ಏರಿಯ ಮೇಲೆ ನಿಂತು "ಯವ್ವೋ" ಎಂದರೆ ಹೊಲದಲ್ಲಿದ್ದ ತಾಯಿ "ಓ" ಎನ್ನುತ್ತಿದ್ದಳಂತೆ. ಇಲ್ಲಿ ಅಡಿಗೆಮನೆಯಿಂದ ಕೂಗಿದರೆ ಪಡಸಾಲೆಗೆ ಕೇಳುವುದಿಲ್ಲ. ಮೊದಲ ವಾರವೇ ನನ್ನನ್ನು ಹಿತ್ತಲಿಗೆ ಎಳೆದೊಯ್ದು ಕೇಳಿದಳು, "ಖರೆ ಹೇಳವಾ, ನಿಮ್ಮನಿಯಾಗ ಎಲ್ಲಾರೂ ನನ್ನ ಮ್ಯಾಲ ಸಿಟ್ಟಾಗ್ಯಾರೇನು? ಕರದ್ರ ಒಬ್ರೂ ಓ ಅನವಲ್ರು." ನಾನು ನಕ್ಕು ಸನ್ನೆಗಳನ್ನು ಕಲಿಸಿಕೊಟ್ಟೆ. ಜಾಣೆ, ಜಲ್ದಿ ಕಲಿತಳು. ಆದರೆ ಸನ್ನೆಗೆ ಎದುರಿಗೆ ಒಬ್ಬರು ಇರಬೇಕಲ್ಲ? ಅಡಿಗೆಮನೆ ಹಿಂದೆ, ಲೂಮು ಮುಂದೆ, ನಡುವೆ ಎರಡು ದಪ್ಪ ಗೋಡೆ.

ವೈನಿ ಬಸುರಿಯಾದಳು. ಏಳರಲ್ಲಿ ತವರಿಗೆ ಕರೆದೊಯ್ಯಬೇಕಿತ್ತು. ಅಲ್ಲಿ ಶೇಂಗಾ ಕೀಳುವ ಸುಗ್ಗಿ, ಮನೆಯಲ್ಲಿ ಯಾರೂ ಇಲ್ಲ. ಎಂಟರಲ್ಲಿ ಬಸುರಿ ಹೆಂಗಸನ್ನು ಹೊರಡಿಸಬಾರದು. ಒಂಬತ್ತು ತುಂಬುತ್ತ ಬಂದಾಗ ಅವಳ ತಮ್ಮ ಬಸ್ಸು ಹತ್ತಿ ಬಂದ. ಬಂದದ್ದು ಸೋಮವಾರ ಸಂಜೆ. ಮರುದಿನ ಮಂಗಳವಾರ, ಹೆಣ್ಣುಮಕ್ಕಳನ್ನು ಕಳಿಸುವ ದಿನವಲ್ಲ. ಅಮಾವಾಸ್ಯೆಗೂ ಹತ್ತೇ ದಿನ ಉಳಿದಿತ್ತು, ಅದು ಮುಗಿಯದೆ ಕಳಿಸುವುದು ಬೇಡವೆಂದಳು ಅವ್ವ. ಪಾಪ, ಹುಡುಗ ಎರಡು ಹೊತ್ತು ಉಂಡು, ಅಮಾವಾಸ್ಯೆ ದಾಟಲೆಂದು ಬರಿಗೈಯಲ್ಲಿ ಡಂಬಳಕ್ಕೆ ತಿರುಗಿದ.

ಅವತ್ತಿನಿಂದ ವೈನಿಯ ಮುಖದ ಮೇಲೆ ನಗು ಇಲ್ಲ. ಅಪ್ಪ, ಅಣ್ಣ ಲೂಮಿನ ಹತ್ತಿರ, ಅವ್ವ, ಕಾಲೇಜಿಗೆ ರಜೆಯಿದ್ದ ನಾನು ಅಲ್ಲೇ ನೂಲು ಸುತ್ತಲು. ದಿನವೆಲ್ಲ ಹಿಂದೆ ಅವಳೊಬ್ಬಳೇ.

"ಬ್ಯಾನಿ ಬಂದ್ರ ನಾ ಯಾರನ್ನ ಕರೀಲಿ? ಕರದ್ರ ಯಾರಿಗೆ ಕೇಳಸ್ತೈತಿ?" ಎಂದು ಒಂದು ದಿನ ಊಟಕ್ಕೆ ಕೂತಾಗ ಅತ್ತೇಬಿಟ್ಟಳು.

ಅವಳು ಹೇಳಿದ್ದು ನಿಜವಾಗಿತ್ತು. ಕೊಡ ಬಿದ್ದದ್ದೇ ಕೇಳದ ಮನೆಯಲ್ಲಿ ಬಸುರಿ ಹೆಂಗಸು ಬಿದ್ದರೆ ಯಾರಿಗೆ ಕೇಳೀತು?

ಅಪ್ಪ ಮರುದಿನವೇ ಗದಗಿನ ಪೇಟೆಗೆ ಹೋಗಿ ಕರೆಂಟಿನ ಗಂಟೆಯೊಂದನ್ನು ತಂದ. ಗುಂಡಿ ಅಡಿಗೆಮನೆಯಲ್ಲಿ, ಗಂಟೆ ಲೂಮಿನ ತಲೆಯ ಮೇಲೆ. ಲೂಮು ನಿಲ್ಲಿಸಿ ಒತ್ತಿ ನೋಡಿದರು, ಕಿವಿ ಹರಿಯುವಂತೆ ಬಾರಿಸಿತು. ಲೂಮು ಹಚ್ಚಿ ಒತ್ತಿದರು. ವೈನಿ ಒತ್ತುತ್ತಲೇ ಇದ್ದಳು, ನಾವು ಗಂಟೆಯ ಕೆಳಗೇ ನಿಂತು ಅವಳು ಯಾಕೆ ಇನ್ನೂ ಒತ್ತುತ್ತಿಲ್ಲವೆಂದು ಕಾಯುತ್ತಲೇ ಇದ್ದೆವು.

ಅಣ್ಣ ಇದಕ್ಕಿಂತ ಮೇಲಿನ ಉಪಾಯ ಮಾಡಿದ. ನೇಕಾರನಿಗೆ ದಾರಕ್ಕೇನು ಬರ? ಅಡಿಗೆಮನೆಯಿಂದ ಬೆಳಕಿಂಡಿಯ ಮೂಲಕ ತನ್ನ ಲೂಮಿನವರೆಗೆ ಒಂದು ಹುರಿ ಎಳೆದು, ತುದಿಗೆ ಕೆಂಪು ಬಟ್ಟೆ ಕಟ್ಟಿದ. ವೈನಿ ಜಗ್ಗಿದರೆ ಬಟ್ಟೆ ಅವನ ಮೂಗಿನ ಮುಂದೆ ಕುಣಿಯಬೇಕು. ಕುಣಿಯಿತು. ಬೆಳಿಗ್ಗೆಯೇ ಕುಣಿಯಿತು! ಅಣ್ಣ ಎದ್ದುಬಿದ್ದು ಓಡಿದ. ವೈನಿ ಶಾಂತವಾಗಿ ಮೆಣಸಿನಕಾಯಿ ಬಿಡಿಸುತ್ತಿದ್ದಳು. ಹುರಿಗೆ ನೇತುಬಿದ್ದದ್ದು ಬೆಕ್ಕು. ನೂಲು ಕಂಡರೆ ಬೆಕ್ಕಿಗೆ ಆಟ. ಅವತ್ತು ಅವನು ಓಡಿದ್ದೇ ಓಡಿದ್ದು. ಸಂಜೆಗೆ ಬಟ್ಟೆ ಬಿಚ್ಚಿ ಬೆವರು ಒರೆಸಿಕೊಂಡ.

ಹುಸೇನಬಿ ಚಾಚಿ ಇದನ್ನೆಲ್ಲ ನೋಡಿ ಹಣೆ ಬಡಿದುಕೊಂಡಳು. "ಅಲ್ರೋ, ಗಂಟಿ, ಹುರಿ, ಬಟ್ಟಿ! ಎದ್ದು ಹೋಗಿ ಅಕೀ ಮುಖಾ ನೋಡಾಕ ಏನ್ ಧಾಡಿ ನಿಮಗ?" ಅಂದಿನಿಂದ ಅವಳೇ ಸುರುಮಾಡಿದಳು. ಒಮ್ಮೆ ಮಜ್ಜಿಗೆ ಬೇಕೆಂದು, ಒಮ್ಮೆ ಜೀರಿಗೆ ಬೇಕೆಂದು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ಅಷ್ಟು ಜೀರಿಗೆ ಹಾಕಿ ಅವಳು ಯಾವ ಅಡಿಗೆ ಮಾಡುತ್ತಿದ್ದಳೋ ದೇವರೇ ಬಲ್ಲ. ಆದರೆ ಅವಳಿಗೂ ಲೂಮು, ಮನೆ, ಗಂಡ ಇದ್ದವಲ್ಲ. ನಡುವೆ ಎಷ್ಟೋ ಹೊತ್ತು ವೈನಿ ಒಬ್ಬಳೇ ಉಳಿಯುತ್ತಿದ್ದಳು.

ಅಮಾವಾಸ್ಯೆಯ ಹಿಂದಿನ ದಿನ, ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿತ್ತು. ಚಾಚಿ ಆಗಷ್ಟೇ ಬಂದು ನೋಡಿ ಹೋಗಿದ್ದಳು. ಫಕ್ಕನೆ ನಮ್ಮ ಎರಡೂ ಲೂಮು ನಿಂತವು.

ಲೂಮು ನಿಂತರೆ ನೇಕಾರರು ಏನು ಮಾಡುತ್ತಾರೆ? ಬಾಗಿಲಿಗೆ ಓಡುತ್ತಾರೆ. ಕರೆಂಟು ಹೋದದ್ದು ನಮಗೆ ಮಾತ್ರವೋ ಊರಿಗೆಲ್ಲವೋ ಎಂದು ತಿಳಿಯುವವರೆಗೆ ನಮ್ಮವರ ಜೀವಕ್ಕೆ ಸಮಾಧಾನವಿಲ್ಲ. ಊರಿಗೆಲ್ಲ ಹೋಗಿದ್ದರೆ ಅದೊಂದು ಹಬ್ಬ. ಎಲ್ಲರೂ ಕಟ್ಟೆಗೆ ಬಂದು, ವಾರದ ಮಾತನ್ನೆಲ್ಲ ಆಡಿ ಮುಗಿಸುತ್ತಿದ್ದೆವು. ನಮಗೆ ಮಾತ್ರ ಹೋಗಿದ್ದರೆ ಹೊಟ್ಟೆಯಲ್ಲಿ ಬೆಂಕಿ. ಅಪ್ಪ ಓಡಿದ, ಅಣ್ಣ ಓಡಿದ, ಅವ್ವ ಓಡಿದಳು, ಕಾಲೇಜು ಕಲಿಯುತ್ತಿದ್ದ ಶಾಣ್ಯಾಕಿ ನಾನೂ ಓಡಿದೆ. ಮನೆಯ ಒಳಗೆ ಹೋಗಬೇಕಾದವರು ನಾವು ನಾಲ್ವರೂ ಬೀದಿಯಲ್ಲಿ!

"ಚಾಚೀ, ನಿಮ್ಮನಿಯಾಗ ಐತೇನು?" ಎಂದು ಅಣ್ಣ ಕೈತಿರುವಿ ಸನ್ನೆ ಮಾಡಿ ಕೂಗಿದ.

ಚಾಚಿ ಲೂಮಿನ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳು. ಅವಳ ಲೂಮು ಹಿಂದೆ ಗಡಗಡ ಓಡುತ್ತಲೇ ಇತ್ತು. "ನಮ್ಮಲ್ಲೆ ಐತಿ. ನಿಮ್ಮ ಫ್ಯೂಸ್ ಹೋಗಿರಬೇಕು, ನೋಡ್ರಿ" ಎಂದವಳು ಅರ್ಧಕ್ಕೇ ನಿಂತಳು. ನಮ್ಮ ನಾಲ್ವರ ಮುಖಗಳನ್ನೂ ಒಂದೊಂದಾಗಿ ನೋಡಿದಳು.

"ಯಾ ಅಲ್ಲಾ! ಎಲ್ಲಾರೂ ಇಲ್ಲೇ ಅದೀರಿ, ಹುಡುಗಿ ಮುಂದ ಯಾರದಾರ?"

ಮೊದಲು ಓಡಿದವಳು ಅವಳೇ. ನಡುಮನೆಯ ಗೋಡೆಯಲ್ಲಿ ಮೇನ್ ಸ್ವಿಚ್ಚಿನ ಕಬ್ಬಿಣದ ಡಬ್ಬಿ. ಅದರ ಹಿಡಿಕೆಯನ್ನು ಕೆಳಗೆ ಜಗ್ಗಿ, ಜೋತುಬಿದ್ದ ಹಾಗೇ ವೈನಿ ಗೋಡೆಗೊರಗಿ ಕುಸಿದು ಕೂತಿದ್ದಳು. ಮುಖವೆಲ್ಲ ಬೆವರು. ನಮ್ಮನ್ನು ಕಂಡವಳೇ ಅಂಥ ನೋವಿನಲ್ಲೂ ಬೈದಳು.

"ಕೂಗಿ ಕೂಗಿ ಗಂಟಲಾ ಹರೀತು, ಒಬ್ರೂ ಬರಲಿಲ್ಲ. ಮಗ್ಗ ನಿಂತ ಕೂಡಲೇ ಹೆಂಗ ಓಡಿ ಬಂದ್ರಿ ನೋಡ್ರಿ!"

ಬೀದಿಗೆ ಓಡಿದ್ದೆವೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಆಮೇಲೆ ಎಲ್ಲ ಗಡಿಬಿಡಿ. ಅಣ್ಣ ಸೈಕಲ್ ಹತ್ತಿ ನರ್ಸಬಾಯಿಯನ್ನು ಕರೆತರಲು ಹೋದ. ಅವ್ವ ಮತ್ತು ಚಾಚಿ ವೈನಿಯನ್ನು ಒಳಕೋಣೆಗೆ ಒಯ್ದರು. ನಾನು ನೀರು ಕಾಯಿಸಲು ಒಲೆ ಊದಿದೆ. ನರ್ಸಬಾಯಿ ಬಂದು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಚಾಚಿ ಬಾಗಿಲು ತೆರೆದು ಸಿಡಿಸಿಡಿ ಹೊರಬಂದಳು. ನಮ್ಮ ಲೂಮು ನಿಂತಿದ್ದರೇನಾಯಿತು, ಸುತ್ತಲಿನವು ಓಡುತ್ತಲೇ ಇದ್ದವಲ್ಲ.

"ಬಾಯಾರು ಹೇಳಿದ್ದು ಹುಡುಗಿಗೆ ಕೇಳಸವಲ್ದು, ಹುಡುಗಿ ಅಂದಿದ್ದು ಬಾಯಾರಿಗೆ ಕೇಳಸವಲ್ದು. ಬಂದ್ ಮಾಡಸ್ರಿ ಎಲ್ಲಾನೂ!"

ಮೊದಲು ತನ್ನ ಮನೆಗೆ ಹೋಗಿ ಗಂಡನನ್ನು ಕೇಳದೆಯೇ ಲೂಮು ನಿಲ್ಲಿಸಿದಳು. ನಾನು ಎದುರುಮನೆಗೆ ಓಡಿದೆ, ಅಪ್ಪ ಬಲಗಡೆಯ ಮನೆಗೆ ಹೋದ. ಎರಡು ಅಂಗೈ ಕೆಳಕ್ಕೆ ಒತ್ತಿದರೆ ನಿಲ್ಲಿಸಿ ಎಂದರ್ಥ. ಯಾಕೆಂದು ಯಾರೂ ಕೇಳಲಿಲ್ಲ. ಒಂದೊಂದಾಗಿ, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಲೂಮುಗಳು ನಿಂತವು. ಕರೆಂಟು ಇತ್ತು, ನೂಲು ಇತ್ತು, ಹಗಲಿತ್ತು. ಆದರೂ ಓಣಿ ನಿಂತಿತು. ಗುಬ್ಬಿ ಚಿಲಿಪಿಲಿ ಕೇಳಿತು. ದೂರ ಗದಗ ಸ್ಟೇಶನ್ನಿನಲ್ಲಿ ಗೂಡ್ಸ್ ಗಾಡಿ ಡಬ್ಬಿಗಳು ಒಂದಕ್ಕೊಂದು ತಾಗಿದ್ದು ಕೇಳಿತು. ಎಲ್ಲರೂ ನಮ್ಮ ಕಟ್ಟೆಯ ಮುಂದೆ ಬಂದು ಕೂತರು. ಒಳಗಿನಿಂದ ವೈನಿ ನರಳುವುದು ಮಾತ್ರ ಕೇಳುತ್ತಿತ್ತು.

ಆಮೇಲೆ ಕೂಸು ಅತ್ತಿತು. ಎಂಥ ಅಳು ಅಂತೀರಿ! ಡಂಬಳದ ಕೆರೆಯ ಏರಿಯಿಂದ ಕೂಗಿದ ಹಾಗೆ. ಓಣಿಗೆ ಓಣಿಯೇ ಹೋ ಎಂದು ನಕ್ಕಿತು. ಯಾರೋ ಅಣ್ಣನ ಬೆನ್ನು ಗುದ್ದಿದರು. ಚಾಚಿ ಬಾಗಿಲಿಗೆ ಬಂದು, "ಹೆಣ್ಣು ಕೂಸು, ತಾಯಿ ಮಗಳು ಇಬ್ರೂ ಆರಾಮ!" ಎಂದಳು.

ಅಪ್ಪ ಮಾತ್ರ ನಗಲಿಲ್ಲ. ಬಾಗಿಲ ಹತ್ತಿರ ಮುಖ ಬಿಳುಚಿಕೊಂಡು ನಿಂತಿದ್ದ. ಅಣ್ಣನ ತೋಳು ಹಿಡಿದ. "ಯಾಕೋ ಈರಾ, ಕೂಸು ಅಳವಲ್ದಲ್ಲೋ? ಏನಾತೋ?"

ಕೆಲವರು ಚೇಷ್ಟೆಯೆಂದುಕೊಂಡು ಮತ್ತೆ ನಕ್ಕರು. ಅಣ್ಣ, "ಅಪ್ಪಾ, ಅಳಾಕತ್ತೇತಲ್ಲ, ಕೇಳಸವಲ್ದೇನು?" ಎಂದ. ಅಪ್ಪ ಅವನ ತುಟಿಗಳನ್ನೇ ನೋಡುತ್ತಿದ್ದ. ನಗು ಅಲ್ಲಿಗೇ ನಿಂತಿತು.

ನಮ್ಮ ಓಣಿಯಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸುತ್ತಲೇ ಇರಲಿಲ್ಲ; ಎಲ್ಲರೂ ಸನ್ನೆ ನೋಡಿ, ಬಾಯಿ ನೋಡಿ ಬದುಕಿದವರೇ. ಅದರೊಳಗೆ ಅಪ್ಪನ ಕಿವಿ ಎಂದು ಹೋಯಿತೋ ಯಾರಿಗೆ ಗೊತ್ತಾಗಬೇಕು? ಅವನಿಗೇ ಗೊತ್ತಾಗಿರಲಿಲ್ಲ. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು.

ಚಾಚಿ ಒಳಗೆ ಹೋದಳು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು, ಅಪ್ಪನ ಕೈ ಹಿಡಿದು, ಅಂಗೈಯನ್ನು ಆ ಪುಟ್ಟ ಎದೆಯ ಮೇಲೆ ಇಟ್ಟಳು. ಲೂಮು ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂದು ಅದರ ಮೈಮೇಲೆ ಅಂಗೈ ಇಟ್ಟು ತಿಳಿಯುವವನು ಅವನು. ಕೂಸು ಕಾಲು ಝಾಡಿಸಿ ಅಳುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡ. ನಿಧಾನಕ್ಕೆ ಅವನ ಮುಖ ಅರಳಿತು.

"ಅಳಾಕತ್ತೇತಿ ಬಿಡು! ಅಬಬಬಾ, ಎಷ್ಟು ಜೋರ್ ಅಳಾಕತ್ತೇತಿ!"

ಎಲ್ಲರ ಕಣ್ಣಲ್ಲೂ ನೀರು, ಎಲ್ಲರ ಬಾಯಲ್ಲೂ ನಗು. ಸ್ವಲ್ಪ ಹೊತ್ತಿನ ಮೇಲೆ, ಇನ್ನು ಕೆಲಸ ಕೆಡುತ್ತದೆಂದು ಅಣ್ಣ ನಡುಮನೆಗೆ ಹೋಗಿ ಮೇನ್ ಸ್ವಿಚ್ಚಿನ ಹಿಡಿಕೆಗೆ ಕೈ ಹಾಕಿದ. ಜ್ವರ ಬಂದರೂ ಲೂಮು ನಿಲ್ಲಿಸದ ಅಪ್ಪ ಹೋಗಿ ಅವನ ಮುಂಗೈ ಹಿಡಿದ.

"ತಡಿಯೋ. ಅಕೀದು ಅಳೂದು ಮುಗೀಲಿ. ನೀವರ ಕೇಳ್ರಿ."